ಹಗ್ಗದ ಬಸ್ಸು

ಚಲಪತಿಯ ಕಷ್ಟಕ್ಕೆಲ್ಲ ಕಾರಣ ಅವನ ಹೆಂಡತಿ ಆಡಿದ ಒಂದೇ ಒಂದು ಮಾತು: "ನಮ್ಮೆಜಮಾನ್ರು ನಡೀತಾರೆ."

ಶ್ರೀವಿದ್ಯಾ ಅದನ್ನು ಮನೆಯೊಳಗೆ ಆಡಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆಡಿದ್ದು ಹೊಸಕುಂಟೆಯ ಅಂಗನವಾಡಿ ಕಟ್ಟೆಯ ಮೇಲೆ, ಹದಿನೆಂಟು ಜನ ತಾಯಂದಿರು ಸೇರಿದ್ದ ಸಭೆಯಲ್ಲಿ, ಎದ್ದು ನಿಂತು.

ನಡಿಗೆ ಎಂದರೆ ಚಲಪತಿಯ ಲೆಕ್ಕದಲ್ಲಿ ಮಂಚದಿಂದ ಸ್ಕೂಟರಿನವರೆಗಿನ ದೂರ. ಎದುರು ಮನೆಯವರು ಆರತಿಗೆ ಕರೆದರೂ ಅವನು ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದ. ಗೌರಿಬಿದನೂರಿನವನು, ಮದುವೆಯಾದ ಮೇಲೆ ಹೆಂಡತಿಯ ಊರಿನಲ್ಲೇ ನೆಲೆಸಿ, ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ಅಲ್ಲಿ ದಿನವಿಡೀ ಕುರ್ಚಿಯೇ ಅವನನ್ನು ಹೊತ್ತಿರುತ್ತಿತ್ತು.

ತಾಯಂದಿರ ಸಂಘ ಹುಟ್ಟಿದ್ದು ಹೋದ ವರ್ಷದ ಬೇಸಿಗೆಯಲ್ಲಿ. ಶಾಲೆಯ ಶೀಟಿನ ಮಾಡಿನ ಕೆಳಗೆ ಮೂರನೇ ತರಗತಿಯ ಇಬ್ಬರು ಮಕ್ಕಳು ತಲೆಸುತ್ತಿ ಬಿದ್ದರು. ಅದೇ ವಾರ ಊರಿನ ನಾಲ್ಕೈದು ಮನೆಗಳಲ್ಲಿ, ಇನ್ನೇನು ಗೂಡು ಕಟ್ಟಬೇಕಾಗಿದ್ದ ರೇಷ್ಮೆ ಹುಳಗಳು ಸೊಪ್ಪು ಮುಟ್ಟದೆ ಮಲಗಿಬಿಟ್ಟವು. ಅಂಗನವಾಡಿಯಿಂದ ನಿವೃತ್ತರಾಗಿದ್ದ ಶ್ಯಾಮಲಮ್ಮ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಿ ಹೇಳಿದರು: "ಹುಳಾನೂ ಮಕ್ಕಳೂ ಒಂದೇ ವಾರ ಬಾಡಿದ್ರೆ ಅದು ಯಾವ ದೇವರ ಕೋಪಾನೂ ಅಲ್ಲ ಕಣ್ರೇ. ಭೂಮಿ ಬಿಸಿ ಆಗ್ತಾ ಇದೆ. ಅದಕ್ಕೆ ನಾವೇನು ಮಾಡ್ತೀವಿ, ಅದನ್ನ ಹೇಳಿ."

ಹೇಳಲಿಲ್ಲ, ಮಾಡಿದರು. ಸೀರೆ ಎತ್ತಿ ಕಟ್ಟಿ ಶಾಲೆಯ ಮಾಡು ಹತ್ತಿ ಸುಣ್ಣ ಬಳಿದರು. ಶಾಲೆಯ ಎರಡೂ ಕಡೆಯ ರಸ್ತೆಯುದ್ದಕ್ಕೂ ಹೊಂಗೆ ಸಸಿ ನೆಟ್ಟರು, ಮಗುವಿಗೊಂದು; ಪ್ರತಿ ಸಸಿಗೂ ಮಗುವಿನ ಹೆಸರಿನ ತಗಡು. ಆಮೇಲೆ ಶ್ರೀವಿದ್ಯಾ ಒಂದು ದಿನ ಕಟ್ಟೆಯ ಮೇಲೆ ಕೂತು ಎಣಿಸಿದಳು. ಒಂದೂವರೆ ಕಿಲೋಮೀಟರ್ ದೂರದ ಶಾಲೆಗೆ ಹದಿನಾಲ್ಕು ಮಕ್ಕಳು, ಹನ್ನೊಂದು ಸ್ಕೂಟರ್. "ಇದೇನು ಮದುವೆ ದಿಬ್ಬಣಾನಾ?" ಎಂದಳು. ಮಾರನೆಯ ವಾರ ಹಗ್ಗದ ಬಸ್ಸು ಶುರುವಾಯಿತು.

ಹಗ್ಗದ ಬಸ್ಸು ಎಂದರೆ ಒಂದು ಉದ್ದನೆಯ ಹಗ್ಗ. ಅದರಲ್ಲಿ ಬಣ್ಣದ ಬಟ್ಟೆ ಸುತ್ತಿದ ಹದಿನಾಲ್ಕು ಗಂಟು. ಒಂದೊಂದು ಗಂಟು ಒಂದೊಂದು ಮಗುವಿನ ಸೀಟು. ಮುಂದಿನ ತುದಿ ಹಿಡಿಯುವ ದೊಡ್ಡವರು ಡ್ರೈವರು. ಹಿಂದಿನ ತುದಿಯ ಗಂಟಿನಲ್ಲಿ ಪೀಪಿ ಹಿಡಿದ ಕಂಡಕ್ಟರ್, ಚಲಪತಿಯ ಮಗಳು ಹರಿತಾ, ನಾಲ್ಕನೇ ತರಗತಿ. ಅವಳು ಟಿಕೆಟನ್ನೂ ಕೊಡುತ್ತಿದ್ದಳು. "ಹೊಗೆ ಬಿಡದ ಬಸ್ಸು. ದರ: ನಡಿಗೆ." ಟಿಕೆಟ್ ಅಚ್ಚಾಗುತ್ತಿದ್ದುದು ಅಪ್ಪನ ಅಂಗಡಿಯಲ್ಲೇ. ಚಲಪತಿಗೆ ಸಂಘದ ಸೇವೆ ಅಷ್ಟಕ್ಕೇ ಮುಗಿಯಿತು ಎಂಬ ಸಮಾಧಾನವಿತ್ತು.

ಆದರೆ ಬಸ್ಸಿಗೆ ಎರಡು ತೊಡಕು ಬಂತು. ಹುಳ ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ದಿನಗಳಲ್ಲಿ ತಾಯಂದಿರು ಮನೆ ಬಿಟ್ಟು ಹೊರಡುವಂತಿಲ್ಲ. ಹಣ್ಣಾದ ಹುಳವನ್ನು ಆ ಗಳಿಗೆಯಲ್ಲೇ ಆರಿಸಿ ಚಂದ್ರಿಕೆಗೆ, ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಬಿಡದಿದ್ದರೆ ಅದು ಸಿಕ್ಕಲ್ಲಿ ಗೂಡು ಕಟ್ಟಿಬಿಡುತ್ತದೆ. ಎರಡನೆಯದು, ಬೆಳಗಿನ ಹೊತ್ತು ಅದೇ ರಸ್ತೆಯಲ್ಲಿ ಗೂಡು ತುಂಬಿದ ಟೆಂಪೋಗಳು ಮಾರುಕಟ್ಟೆಗೆ ಓಡುತ್ತಿದ್ದವು. ಮಕ್ಕಳು ನಡೆಯುವ ಮುಕ್ಕಾಲು ಗಂಟೆ ಕೆರೆ ಕಟ್ಟೆಯ ದಾರಿ ಹಿಡಿಯಿರಿ ಎಂದು ಸಂಘದವರು ಟೆಂಪೋ ಮಾಲೀಕರ ಮುಖಂಡ ಆವಲಪ್ಪನವರಿಗೆ ನಾಲ್ಕು ಸಲ ಅರ್ಜಿ ಕೊಟ್ಟರು. ನಾಲ್ಕು ಸಲವೂ ಅವರದು ಒಂದೇ ಉತ್ತರ: "ಗಂಡಸರು ಯಾರಾದ್ರೂ ಬರಲಿ, ಮಾತಾಡಣ."

ಆದ್ದರಿಂದ ಆ ಭಾನುವಾರ ಕಟ್ಟೆಯ ಮೇಲೆ ಚರ್ಚೆ ನಡೆದದ್ದು ಅಪ್ಪಂದಿರ ಬಗ್ಗೆ.

"ಗಂಡಸರಾ? ನಡೆಯೋದಾ?" ಟೆಂಪೋ ಡ್ರೈವರ್ ಮುನೇಶನ ಹೆಂಡತಿ ಕೊಂಡಮ್ಮ ನಕ್ಕಳು. "ನಮ್ಮನೇದು ಬಚ್ಚಲಿಗೆ ಹೋಗಕ್ಕೂ ಗೇರ್ ಹಾಕ್ತದೆ ಕಣಕ್ಕ."

ಎಲ್ಲರೂ ನಕ್ಕರು. ಆಗ ಶ್ರೀವಿದ್ಯಾ ಎದ್ದು ನಿಂತು ಆ ಮಾತು ಆಡಿಬಿಟ್ಟಳು. ಶ್ಯಾಮಲಮ್ಮ ಕನ್ನಡಕ ಸರಿಮಾಡಿಕೊಂಡು, "ಸರಿ ಕಣಮ್ಮ. ಬುಧವಾರ ಚಲಪತಿ. ಅವನು ನಡೆದ್ರೆ ಮಿಕ್ಕ ಗಂಡಸರ ಹೆಸರೂ ಪಟ್ಟಿಗೆ. ಅವನು ಕೈ ಎತ್ತಿದ್ರೆ ಈ ಬಸ್ಸನ್ನೇ ನಿಲ್ಲಿಸಿಬಿಡಣ. ನಮ್ಮ ಕೈಲಿ ಇನ್ನು ಆಗಲ್ಲ" ಎಂದರು.

ಮನೆಗೆ ಬಂದು ಶ್ರೀವಿದ್ಯಾ ಹೇಳಿದಳು, "ರೀ, ನನ್ನ ಮರ್ಯಾದೆ ನಿಮ್ಮ ಕಾಲಲ್ಲಿದೆ."

ಚಲಪತಿ ತನ್ನ ಕಾಲುಗಳನ್ನು ನೋಡಿಕೊಂಡ. ಅಲ್ಲಿ ಮರ್ಯಾದೆ ಇಡುವಷ್ಟು ಜಾಗ ಕಾಣಲಿಲ್ಲ.

ಹೆಂಡತಿಯ ಮುಖ ಕೆಡಬಾರದು, ತಾನೂ ನಡೆಯಬಾರದು. ಎರಡೂ ಕೂಡಿ ಬರುವ ದಾರಿಯನ್ನು ಅವನು ಎರಡು ದಿನ ಕುರ್ಚಿಯಲ್ಲಿ ಕೂತು ಹುಡುಕಿ, ಮಂಗಳವಾರ ಸಂಜೆ ಮುನೇಶನನ್ನು ಟೀ ಅಂಗಡಿಗೆ ಕರೆದ.

"ಮುನೇಶ, ಬೆಳಿಗ್ಗೆ ನಿನ್ನ ಟೆಂಪೋದಲ್ಲಿ ಗೂಡಿನ ಚೀಲ ಎಲ್ಲಿಡ್ತೀಯಪ್ಪ?"

"ಹಿಂದಿನ ಸೀಟಲ್ಲಿ ಅಣ್ಣ. ಮುಂದಿನ ಸೀಟೆಲ್ಲ ಖಾಲಿ."

"ಮಕ್ಕಳು ಹದಿನಾಲ್ಕು ಜನ. ಶಾಲೆಗಿಂತ ಮುಂಚೆ ಒಂದು ತಿರುವು ಇದೆಯಲ್ಲ, ಹುಣಸೆಮರದ ಹತ್ರ? ಅಲ್ಲಿ ಇಳಿಸಿಬಿಡು. ಅಲ್ಲಿಂದ ಹಗ್ಗ ಹಿಡ್ಕೊಂಡು ನೂರು ಹೆಜ್ಜೆ ಹಾಕ್ತೀವಿ. ಹೇಗೂ ಹೋಗೋ ಗಾಡಿ ತಾನೆ? ಹೊಗೆ ಏನು ಜಾಸ್ತಿ ಆಗಲ್ಲ."

ಮುನೇಶ ಟೀ ಊದಿಕೊಂಡು ಒಂದು ಗುಟುಕು ಕುಡಿದ. "ಆಗಲಿ ಅಣ್ಣ."

"ಯಾರಿಗೂ ಹೇಳಬೇಡ."

"ನಾನಾ? ಛೆ."

ಬುಧವಾರ ಬೆಳಿಗ್ಗೆ ಶ್ರೀವಿದ್ಯಾ ಗಂಡನಿಗೆ ಎರಡು ದೋಸೆ ಜಾಸ್ತಿ ಹಾಕಿದಳು. ಟೋಪಿ ಕೊಟ್ಟಳು, ನೀರಿನ ಬಾಟಲಿ ಕೊಟ್ಟಳು, ಬಾಗಿಲವರೆಗೆ ಬಂದು ನಿಂತಳು. ಯುದ್ಧಕ್ಕೆ ಹೊರಟವನಿಗೆ ತಿಲಕವೊಂದು ಬಾಕಿ. ಚಲಪತಿ ಅವಳ ಮುಖ ನೋಡದೆ ಟೋಪಿ ಹಾಕಿಕೊಂಡ. ಆದರೂ ಕಾಲುಗಳು ಅವನವು. ಅವುಗಳ ಸ್ವಭಾವ ಅವನಿಗೆ ಗೊತ್ತಿತ್ತು.

ಊರು ದಾಟಿ ಎರಡನೇ ಹೊಲದ ಬದಿಯಲ್ಲಿ ಟೆಂಪೋ ನಿಂತಿತ್ತು. ಮಗಳು ರಂಪ ಮಾಡುತ್ತಾಳೆಂದು ಚಲಪತಿ ಜೇಬಿನ ತುಂಬ ಚಾಕೊಲೇಟ್ ಇಟ್ಟುಕೊಂಡಿದ್ದ. ಹರಿತಾಳದು ನ್ಯಾಯಾಧೀಶರ ಸ್ವಭಾವ. ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ ಅಪ್ಪನಿಗೆ ವಿಚಾರಣೆ.

"ಹರಿತಮ್ಮ, ಇವತ್ತೊಂದು ದಿನ, ಬಿಸಿಲು ಜಾಸ್ತಿ ಅಂತ..."

"ಆಯ್ತಪ್ಪ," ಎಂದಳು ಹರಿತಾ. ಪೀಪಿ ಊದಿದಳು. ಹದಿನಾಲ್ಕು ಮಕ್ಕಳೂ ಸಾಲಾಗಿ ಹತ್ತಿ, ಹಿಂದಿನ ಗೂಡಿನ ಚೀಲಗಳಿಗೆ ಮೊಣಕೈ ಕೂಡ ತಾಗದಂತೆ ಕೂತರು. ಹುಳ ಸಾಕುವ ಮನೆಯ ಮಕ್ಕಳು. ಅಮುಕಿದ ಗೂಡಿಗೆ ಬೆಲೆಯಿಲ್ಲ ಎಂಬುದು ಅವರಿಗೆ ಮಗ್ಗಿಗಿಂತ ಮೊದಲೇ ಗೊತ್ತು. ಗೊತ್ತಿಲ್ಲದವನು ಚಲಪತಿಯೊಬ್ಬನೇ. ಮೆತ್ತಗಿದೆಯೆಂದು ಒಂದು ಚೀಲಕ್ಕೆ ಒರಗಲು ಹೋದ.

"ಅಂಕಲ್! ಗೂಡು!" ಹದಿನಾಲ್ಕು ಗಂಟಲು ಒಟ್ಟಿಗೆ ಕೂಗಿದವು. ಚಲಪತಿ ಹಾವು ತುಳಿದವನಂತೆ ಎದ್ದು, ಮುಂದೆ ಹೋಗಿ ಮುನೇಶನ ಪಕ್ಕ ಕೂತ.

ಟೆಂಪೋ ಹೊರಟಿತು. ಅದು ಓಡಿದ ಪರಿ ನೋಡಿದರೆ ಒಳಗೆ ಮೊಸರಿನ ಗಡಿಗೆ ಇಟ್ಟಿದ್ದಾರೇನೋ ಅನ್ನಿಸುತ್ತಿತ್ತು. ಒಂದು ಎಮ್ಮೆ ಅವರನ್ನು ಹಿಂದೆ ಹಾಕಿ ಮುಂದೆ ಹೋಯಿತು.

"ಮುನೇಶ, ಸ್ವಲ್ಪ ಜೋರಾಗಿ ಹೋಗಪ್ಪ."

"ಮಕ್ಕಳಿದಾರೆ ಅಣ್ಣ."

ಹುಣಸೆಮರದ ತಿರುವು ಬಂತು. ಚಲಪತಿ ಟೋಪಿ ಸರಿಮಾಡಿಕೊಂಡು, ಬಾಟಲಿಯ ನೀರನ್ನು ಹಣೆಗೂ ಕಂಕುಳಿಗೂ ಚಿಮುಕಿಸಿಕೊಂಡು ಬೆವರಿದವನ ವೇಷ ಹಾಕಿದ. ತಿರುವು ಹೋಯಿತು.

"ಏಯ್! ಇಲ್ಲೇ! ಇಲ್ಲೇ!"

"ಅಯ್ಯೋ ಅಣ್ಣ, ಈಗ್ತಾನೆ ಫೋನ್ ಬಂತು. ಗೂಡು ಮೊದಲು ಇಳಿಸಬೇಕಂತೆ. ಹರಾಜು ತಪ್ಪಿದ್ರೆ ರೈತ ನನ್ನ ಸುಮ್ನೆ ಬಿಡ್ತಾನಾ? ಇಳಿಸಿ, ಹಂಗೇ ವಾಪಸ್ ಬಂದ್ಬಿಡಣ."

"ಫೋನ್ ಎಲ್ಲಿ ಬಂತೋ? ನಾನು ಪಕ್ಕದಲ್ಲೇ ಇದೀನಲ್ಲ!"

"ಸೈಲೆಂಟಲ್ಲಿತ್ತು."

ಅಷ್ಟರಲ್ಲಿ ಶಾಲೆಯ ಗೇಟು ಎದುರಾಯಿತು. ಗೇಟಿನಲ್ಲಿ ಹೆಡ್ ಮೇಡಂ ನಿಂತಿದ್ದರು. ಚಲಪತಿ ಸೀಟಿನಿಂದ ಜಾರಿ, ಗೇರಿನ ಪಕ್ಕ ಮಡಿಚಿಟ್ಟ ಕೊಡೆಯಂತೆ ಮುದುರಿಕೊಂಡ. ಮಕ್ಕಳು ಮಾತ್ರ ಹದಿನಾಲ್ಕು ಕೈಗಳನ್ನೂ ಕಿಟಕಿಯಿಂದ ಬೀಸಿ, "ಗುಡ್ ಮಾರ್ನಿಂಗ್ ಮೇಡಂ!" ಎಂದು ಊರಿಗೇ ಕೇಳುವಂತೆ ಕೂಗಿದರು. ಮೇಡಂ ಕೂಡ ಕೈ ಬೀಸಿದರು.

"ಬೈದ್ರಾ?" ಚಲಪತಿ ಕೆಳಗಿನಿಂದ ಕೇಳಿದ.

"ಟಾಟಾ ಮಾಡಿದ್ರು ಅಪ್ಪ," ಎಂದಳು ಹರಿತಾ.

ಮೂರು ಕಿಲೋಮೀಟರ್ ಆಚೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಆಗಲೇ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಮುನೇಶ ಚೀಲ ಹೊತ್ತುಕೊಂಡು ಜನರ ನಡುವೆ ಮಾಯವಾದ. ಒಂದು ನಿಮಿಷವಾಯಿತು, ಐದಾಯಿತು. ಟೆಂಪೋದೊಳಗೆ ಧಗೆ ಏರಿತು. ಮಕ್ಕಳು ಇಳಿದರು. ಇಳಿದವರು ಅಭ್ಯಾಸದಂತೆ ಹಗ್ಗ ಬಿಚ್ಚಿ, ತಂತಮ್ಮ ಗಂಟು ಹಿಡಿದರು. ಮುಂದಿನ ತುದಿಯನ್ನು ಹರಿತಾ ತಂದು ಅಪ್ಪನ ಕೈಗಿಟ್ಟಳು.

"ನೆರಳಿಗೆ ಹೋಗಣ ಅಪ್ಪ. ಚಿಕ್ಕವರಿಗೆ ಬಿಸಿಲು."

ನೆರಳಿದ್ದದ್ದು ಮಾರುಕಟ್ಟೆಯ ಚಾವಣಿಯ ಕೆಳಗೆ ಮಾತ್ರ. ಹೀಗಾಗಿ ಚಲಪತಿ, ಒದ್ದೆ ಕಂಕುಳಿನ ಅಂಗಿಯಲ್ಲಿ, ತಲೆ ಮೇಲೆ ಹೂವಿನ ಚಿತ್ರದ ಟೋಪಿ ಇಟ್ಟುಕೊಂಡು, ಹದಿನಾಲ್ಕು ಮಕ್ಕಳು ಹಿಡಿದ ಹಗ್ಗ ಎಳೆಯುತ್ತಾ ಮಾರುಕಟ್ಟೆಯನ್ನು ಪ್ರವೇಶಿಸಿದ. ಇನ್ನೂರು ಜನ ರೈತರು, ಗೂಡು ಕೊಳ್ಳುವ ರೀಲರುಗಳು, ಬೆರಳಲ್ಲಿ ಗೂಡು ಹಿಡಿದವರು ಹಿಡಿದಂತೆಯೇ ತಿರುಗಿ ನೋಡಿದರು.

"ಏನ್ ಸ್ವಾಮಿ, ಲಾಟ್ ನಂಬರ್ ಎಷ್ಟು?" ಯಾರೋ ಕೂಗಿದರು. ಮಾಡು ಹಾರಿಹೋಗುವಂಥ ನಗು.

ನಗುವಿನ ನಡುವೆ ದಾರಿ ಮಾಡಿಕೊಂಡು ಬಿಳಿ ಪಂಚೆಯ ಹಿರಿಯರೊಬ್ಬರು ಬಂದರು. ಆವಲಪ್ಪ. ಚಲಪತಿ ಅವರನ್ನು ದೂರದಿಂದ ನೋಡಿ ಗೊತ್ತಿದ್ದವನು. ಇನ್ನೂ ದೂರದಿಂದ ನೋಡುವ ಆಸೆ ಈಗ ಹುಟ್ಟಿತು.

"ಏಮಯ್ಯಾ, ಯಾರ ಮಕ್ಕಳು ಇವು? ಇಲ್ಲೇನು ಕೆಲಸ ಇವಕ್ಕೆ?"

ಚಲಪತಿ ಟೋಪಿ ತೆಗೆದು ಎದೆಗೊತ್ತಿ ಹಿಡಿದ.

"ನಾವು ಹೊಸಕುಂಟೆಯವರು ತಾತ," ಎಂದಳು ಹರಿತಾ ಹಿಂದಿನ ತುದಿಯಿಂದ. ಮುಂದೆ ಬಂದಳು, ಅವಳ ಜೊತೆ ಹಗ್ಗವೂ ಬಳಸಿ ಬಂದು, ಆವಲಪ್ಪನವರ ಸುತ್ತ ಮಕ್ಕಳು ವೃತ್ತವಾಗಿ ನಿಂತರು. "ಇದು ನಮ್ಮ ಬಸ್ಸು. ಇದಕ್ಕೆ ಹೊಗೆ ಇಲ್ಲ. ಇದರಿಂದ ನಮ್ಮ ರಸ್ತೇಲಿ ದಿನಾ ಹನ್ನೊಂದು ಸ್ಕೂಟರ್ ನಿಂತಿದೆ. ಹೊಂಗೆ ಗಿಡ ಹಾಕಿದೀವಿ. ಆದ್ರೆ ಬೆಳಿಗ್ಗೆ ನಿಮ್ಮ ಟೆಂಪೋಗಳು ಬರ್ತವೆ. ಟೆಂಪೋ ಬಂದಾಗ ನಾವು ಮುಳ್ಳಿನ ಪೊದೆಗೆ ಹಾರ್ತೀವಿ."

ಪುಟ್ಟ ಹುಡುಗಿಯೊಬ್ಬಳು ಮೊಣಕೈಯ ಗೀರು ತೋರಿಸಿದಳು.

"ಅದಕ್ಕೆ?" ಎಂದರು ಆವಲಪ್ಪ.

ಹರಿತಾ ಪಕ್ಕದ ತಟ್ಟೆಯಲ್ಲಿ ಹರಡಿದ್ದ ಹಳದಿ ಗೂಡುಗಳ ಕಡೆ ನೋಡಿದಳು. "ತಾತ, ಹುಳಕ್ಕೆ ಸೆಖೆ ಆದ್ರೆ ನೀವು ಹುಳದ ಮನೆ ಕಿಟಕಿಗೆ ಒದ್ದೆ ಗೋಣಿ ಕಟ್ತೀರ. ರಾತ್ರಿ ಎಲ್ಲ ಎದ್ದು ನೀರು ಚಿಮುಕಿಸ್ತೀರ. ನಮಗೆ ಸೆಖೆ ಆದ್ರೆ ಯಾರು ಕಟ್ತಾರೆ?"

ಅಲ್ಲಿದ್ದ ಪ್ರತಿಯೊಬ್ಬನೂ ತನ್ನ ಮನೆಯ ಕಿಟಕಿಗೆ ಗೋಣಿ ಕಟ್ಟಿದವನೇ. ಒಬ್ಬ ರೈತ ತಲೆಯ ಟವೆಲ್ ತೆಗೆದು ಸುಮ್ಮನೆ ಮುಖ ಒರೆಸಿಕೊಂಡ.

ಆವಲಪ್ಪನವರು ಚಲಪತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೊಸಕುಂಟೆಯಿಂದ ಇಲ್ಲಿ ತಂಕ ಈ ಮಕ್ಕಳನ್ನ ನಡೆಸ್ಕೊಂಡು ಬಂದ್ಯಾ? ಅಂಗಿ ನೋಡು, ಹಿಂಡಿದ್ರೆ ಬಿಂದಿಗೆ ನೀರು ಬರ್ತದೆ."

ಚಲಪತಿಗೆ ಬಾಟಲಿ ನೀರಿನ ನೆನಪಾಯಿತು. ನಿಜ ಹೇಳಲು ಇದಕ್ಕಿಂತ ಕೆಟ್ಟ ಜಾಗ ಸಿಗಲಾರದು ಅನ್ನಿಸಿತು.

"ನಾಲ್ಕು ಅರ್ಜಿ ಬಂದವು. ಒಬ್ಬ ಗಂಡಸೂ ಬರಲಿಲ್ಲ," ಆವಲಪ್ಪ ಜನರ ಕಡೆ ತಿರುಗಿದರು. "ಇವನು ಬಂದ. ಕಾಗದ ತರಲಿಲ್ಲ, ಮಕ್ಕಳನ್ನೇ ತಂದ. ಇಂಥವನ ಮಾತು ತೆಗೆದುಹಾಕೋಕೆ ಆಗಲ್ಲಪ್ಪ. ನಾಳೆಯಿಂದ ಎಂಟೂವರೆಗೆ ಶುರು, ಒಂಬತ್ತೂಕಾಲರ ತಂಕ ನಮ್ಮ ಟೆಂಪೋ ಎಲ್ಲ ಕೆರೆ ಕಟ್ಟೆ ಮೇಲೆ. ಏನಂತೀರಾ?"

"ಆಗಲಿ!" ಎಂದರು ಡ್ರೈವರುಗಳು. ಆ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನ ಧ್ವನಿ ಮುನೇಶನದಿದ್ದಂತಿತ್ತು.

"ಒಂದು ಮಾತು ಮಾತ್ರ." ಆವಲಪ್ಪ ಬೆರಳೆತ್ತಿದರು. "ಈ ಹಗ್ಗದ ಮುಂದೆ ದಿನಾ ನೀನೇ ಇರಬೇಕು. ಇವತ್ತೊಬ್ರು ನಾಳೆ ಒಬ್ರು ಅಂದ್ರೆ ನನಗೆ ನಂಬಿಕೆ ಇಲ್ಲ. ನಿನ್ನ ಮುಖ ನೋಡಿ ಮಾತು ಕೊಡ್ತಾ ಇರೋದು. ಯಾವತ್ತು ನೀನು ಕಾಣಲಿಲ್ಲವೋ ಅವತ್ತೇ ಟೆಂಪೋ ಹಳೇ ದಾರಿಗೆ. ಆಗ್ತದಾ?"

ಇನ್ನೂರು ಜನ ಕಾದರು. ಚಲಪತಿಯ ಕಾಲುಗಳು ಬೇಡ ಬೇಡ ಎಂದು ಒಳಗೊಳಗೇ ಒದ್ದಾಡಿದವು. ಗೀರು ಬಿದ್ದ ಮೊಣಕೈಯ ಹುಡುಗಿ ಅವನ ಬೆರಳು ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಳೋ ಅವನಿಗೆ ತಿಳಿದಿರಲಿಲ್ಲ.

"ಹೂಂ," ಎಂದ.

ಮುನೇಶನ ಟೆಂಪೋದ ಹಿಂದಿನ ಚಕ್ರದಲ್ಲಿ ಗಾಳಿ ಇರಲಿಲ್ಲವಂತೆ. ಮೂರು ಕಿಲೋಮೀಟರನ್ನೂ ಚಲಪತಿ ನಡೆದ. ಮೊದಲನೆಯದರಲ್ಲಿ ಮುನೇಶನನ್ನು ಬೈದ. ಎರಡನೆಯದರಲ್ಲಿ ಬೈಯುವ ಶಕ್ತಿ ಉಳಿಯಲಿಲ್ಲ. ಮೂರನೆಯದರಲ್ಲಿ ಹೊಂಗೆ ಸಸಿಗಳ ಸಾಲು ಸಿಕ್ಕಿತು. ಮಕ್ಕಳು ಒಬ್ಬೊಬ್ಬರಾಗಿ ನಿಂತು, ತಮ್ಮ ಬಾಟಲಿಯಲ್ಲಿ ಉಳಿದ ನೀರನ್ನು ತಮ್ಮ ಹೆಸರಿನ ಸಸಿಗೆ ಬಗ್ಗಿಸಿದರು. ಗಂಟಲು ಒಣಗಿದ್ದರೂ ಯಾರೂ ಆ ಕೊನೆಯ ಗುಟುಕನ್ನು ಕುಡಿದಿರಲಿಲ್ಲ. ಚಲಪತಿ ತನ್ನ ಬಾಟಲಿ ನೋಡಿದ. ಅವನ ಪಾಲಿನದು ಕಂಕುಳಿಗೆ ಹೋಗಿತ್ತು. ಅವನಿಗೆ ಮೊದಲ ಸಲ ನಿಜವಾಗಿ ನಾಚಿಕೆಯಾಯಿತು.

ಶಾಲೆ ಮುಟ್ಟಿದಾಗ ಹನ್ನೊಂದು ಗಂಟೆ. ಬೇವಿನ ಮರದ ಕೆಳಗೆ ಇಡೀ ಸಂಘವೇ ನಿಂತಿತ್ತು, ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟುಕೊಂಡು. ಚಲಪತಿ ಹಗ್ಗವನ್ನು ಕೆಳಗಿಟ್ಟ. ನಾಚಿಕೆ ಇತ್ತು, ಅದರ ಜೊತೆ ಸಣ್ಣದೊಂದು ಆಸೆಯೂ ಇತ್ತು: ನಿಜ ಹೇಳಿಬಿಟ್ಟರೆ ಇವರೇ ತನ್ನನ್ನು ಹಗ್ಗದಿಂದ ಬಿಡಿಸಿಬಿಡಬಹುದು.

"ಶ್ಯಾಮಲಮ್ಮನೋರೇ, ನಾನು ತಪ್ಪು ಮಾಡಿದೀನಿ. ಬೆಳಿಗ್ಗೆ ನಾನು ನಡೀಲಿಲ್ಲ. ಕಳ್ಳತನದಲ್ಲಿ ಮಕ್ಕಳನ್ನ ಮುನೇಶನ ಟೆಂಪೋ ಹತ್ತಿಸಿದೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ. ನನ್ನ ಹೆಸರು ಹೊಡೆದುಹಾಕಿ."

ಶ್ಯಾಮಲಮ್ಮ ಅವನ ಕೈಗೆ ಮಜ್ಜಿಗೆ ಲೋಟ ಕೊಟ್ಟರು. "ಕುಡಿಯಪ್ಪ ಮೊದಲು. ಅದು ನಮಗೆ ನಿನ್ನೆ ಸಂಜೇನೇ ಗೊತ್ತು."

"ನಿನ್ನೇನಾ?"

"ನೀವು ಟೀ ಕುಡಿದು ಮುಗಿಸೋದ್ರೊಳಗೇ ನಮ್ಮನೇದು ನಂಗೆ ಫೋನ್ ಮಾಡ್ತು," ಎಂದಳು ಕೊಂಡಮ್ಮ. "ಯಾರಿಗೂ ಹೇಳಬೇಡ ಅಂದ್ರಂತಲ್ಲ. ನಾನು ಯಾರೋ ಅಲ್ಲ, ಹೆಂಡ್ತಿ."

"ನಂಗೆ ಒಂದು ಗಳಿಗೆ ಬೇಜಾರಾಯ್ತು," ಶ್ರೀವಿದ್ಯಾ ನೆಲ ನೋಡಿಕೊಂಡು ಹೇಳಿದಳು. "ಬಸ್ ನಿಂತೇ ಹೋಯ್ತು ಅಂದ್ಕೊಂಡೆ."

"ನಾನೇ ಅಂದೆ, ಅಳಬೇಡ ಕಣೇ, ಇವನು ಗಾಡಿ ಗೊತ್ತುಮಾಡಿದಾನಲ್ಲ, ಆ ಗಾಡೀನ ನಾವು ಓಡಿಸಣ ಅಂತ," ಶ್ಯಾಮಲಮ್ಮ ಮುಂದುವರಿಸಿದರು. "ಆವಲಪ್ಪನಿಗೆ ಒಬ್ಬ ಗಂಡಸು ಬೇಕಾಗಿತ್ತು. ಯಾರನ್ನ ಕೇಳಿದ್ರೂ ನಾಳೆ ನಾಡಿದ್ದು. ನೀನು ಸಿಕ್ಕಿದೆ. ಮುಂಚೆನೇ ಹೇಳಿದ್ರೆ ನೀನು ಬರ್ತಿರಲಿಲ್ಲ. ಬಂದಿದ್ರೂ ನಾಟಕದವನ ಥರ ಮಾತಾಡ್ತಿದ್ದೆ. ಗೊತ್ತಿಲ್ಲದೆ ಹೋದಾಗ ನಿನ್ನ ಮುಖದಲ್ಲಿ ಎಂಥ ಕಷ್ಟ ಕಾಣ್ತದೆ ಅಂದ್ರೆ, ಕಲ್ಲಿಗೂ ಕರುಣೆ ಬರಬೇಕು. ಹೆಡ್ ಮೇಡಂಗೆ ಹೇಳಿ, ಮನೆಮನೆಗೂ ಹೋಗಿ ಒಪ್ಪಿಗೆ ತಗೊಂಡು ಮಲಗೋ ಹೊತ್ತಿಗೆ ಹತ್ತೂವರೆ."

ಚಲಪತಿ ನಿಧಾನವಾಗಿ ಮಗಳ ಕಡೆ ತಿರುಗಿದ. "ನಿಂಗೂ ಗೊತ್ತಿತ್ತಾ?"

"ಭಾಷಣ ಅಮ್ಮ ಬರ್ಕೊಟ್ಟಿದ್ದು ಅಪ್ಪ," ಎಂದಳು ಹರಿತಾ. "ಗೋಣಿಚೀಲದ್ದು ಮಾತ್ರ ನಂದು."

ಅವನು ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದ. ಒಂದು ಲೆಕ್ಕಕ್ಕೆ ನಿರಾಳವೇ ಆಯಿತು. ಎಲ್ಲ ಗೊತ್ತಿದೆ, ಇನ್ನು ಯಾರೂ ತನ್ನನ್ನು ನಂಬುವುದಿಲ್ಲ, ನಂಬದವನಿಗೆ ಯಾರೂ ಹಗ್ಗ ಕೊಡುವುದಿಲ್ಲ.

ಆಗ ಶ್ರೀವಿದ್ಯಾ ತಲೆ ಎತ್ತಿದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಟೆಂಪೋಗಳನ್ನ ಕೆರೆ ಕಟ್ಟೆಗೆ ತಿರುಗಿಸೋದರ ತಂಕ ನಮ್ಮ ಪ್ಲಾನು. ಆಮೇಲಿಂದು ನಮ್ಮದಲ್ಲ," ಎಂದಳು ಸಂಘದವರ ಕಡೆ ನೋಡಿ. "ದಿನಾ ನಾನೇ ನಡೀತೀನಿ ಅಂತ ಇನ್ನೂರು ಜನದ ಎದುರು ಇವರು ಮಾತು ಕೊಟ್ಟರಂತೆ. ಮುನೇಶಣ್ಣ ಫೋನಲ್ಲಿ ಹೇಳ್ದಾಗ ನಾನು ನಂಬಲೇ ಇಲ್ಲ. ಅದನ್ನ ಯಾರೂ ಇವರಿಗೆ ಹೇಳಿಕೊಟ್ಟಿರಲಿಲ್ಲ ಕಣ್ರಕ್ಕ. ಅದು ಇವರದೇ."

ಹದಿನೆಂಟು ಜನ ತಾಯಂದಿರು ಚಪ್ಪಾಳೆ ತಟ್ಟಿದರು. ಹೆಡ್ ಮೇಡಂ ಕಿಟಕಿಯಿಂದ ತಟ್ಟಿದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಹೆಂಡತಿ ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಎಂಥ ಗಂಡಸಾದರೂ ಆ ನೋಟವನ್ನು ತಾನಾಗಿ ಕೈಬಿಡಲಾರ.

ಚಲಪತಿ ಮನಸ್ಸಿನಲ್ಲೇ ಎಣಿಸಿದ. ಮಾರ್ಚ್ ಮುಗಿಯುತ್ತಾ ಬಂತು. ಪರೀಕ್ಷೆ, ಫಲಿತಾಂಶ, ಹೆಚ್ಚೆಂದರೆ ಇನ್ನು ಹದಿನೈದು ದಿನ. ಆಮೇಲೆ ಬೇಸಿಗೆ ರಜೆ. ಶಾಲೆ ಇಲ್ಲದಿದ್ದರೆ ಬಸ್ಸೂ ಇಲ್ಲ. ಹದಿನೈದು ದಿನ ಹೇಗೋ ಹಲ್ಲು ಕಚ್ಚಿ ನಡೆದುಬಿಟ್ಟರೆ ಆಯಿತು.

"ಹರಿತಮ್ಮ," ಎಂದ ಮೆಲ್ಲಗೆ, "ರಜೆ ಯಾವತ್ತಿಂದ?"

"ಏಪ್ರಿಲ್ ಹತ್ತಕ್ಕೆ ಅಪ್ಪ." ಹರಿತಾ ಚೀಲದಿಂದ ಹೊಸ ಟಿಕೆಟ್ ಕಟ್ಟು ತೆಗೆದಳು. ಶ್ರೀವಿದ್ಯಾ ಮೊನ್ನೆಯೇ ಅವನ ಅಂಗಡಿಯಲ್ಲಿ, ಅವನು ಊಟಕ್ಕೆ ಹೋಗಿದ್ದಾಗ, ತಾನೇ ಅಚ್ಚು ಹಾಕಿದ್ದು. "ರಜೆಯಲ್ಲಿ ಗಿಡಗಳಿಗೆ ನೀರು ಹಾಕಬೇಕಲ್ಲ? ಬೇಸಿಗೆ ಸ್ಪೆಷಲ್. ಬೆಳಿಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು."

ಅವಳು ಪೀಪಿ ಊದಿದಳು. ಚಲಪತಿ ಬಗ್ಗಿ ಹಗ್ಗ ಎತ್ತಿಕೊಂಡ.